ನೊಂದವರೇ ಬಂದು ಕೇಳಬೇಕೆ?

ಉಪಕಾರವು ಬೇಡಿದವನಿಗೆ ಮಾತ್ರ ಸಲ್ಲತಕ್ಕದ್ದೋ, ಬೇಡಲಾರದವನಿಗೂ ಸಲ್ಲತಕ್ಕದ್ದೋ ಎಂಬ ಪ್ರಶ್ನೆಯು ಹಳೆಯದು. ಮನುಷ್ಯರನ್ನು ಮೋಸದಿಂದ ಸಾಗಿಸಿ, ಸಾಲದಲ್ಲಿ ಕಟ್ಟಿಹಾಕಿ ದುಡಿಸಿಕೊಳ್ಳುವ ಪಾತಕವನ್ನು ಕುರಿತು ಆಲೋಚಿಸುವಾಗ ಅದು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ.

ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಮಾನವ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ 1950ರಿಂದಲೇ ನಿಷೇಧಿಸಿದೆ. ಇವುಗಳಿಗೆ ತುತ್ತಾದವರಿಗೆ ವಕೀಲರ ನೆರವು ಉಚಿತವೆಂದು 1987ರ ಕಾನೂನು ಸೇವೆಗಳ ಅಧಿನಿಯಮವು ವಿಧಿಸಿದೆ. 15100ಕ್ಕೆ ದೂರವಾಣಿ ಮಾಡಿ ಅದನ್ನು ಕೇಳಬಹುದು. ಮಕ್ಕಳಿಗಾಗಿ 1098 ಇದೆ. ಬಾಗಿಲು ತೆರೆದಿದೆಯಾದರೂ ಬರಬೇಕಾದವರಲ್ಲಿ ಅನೇಕರು ಬಾರರು. ಏತಕ್ಕೆ?

ಭಯ, ಕಾವಲು, ಅರಿಯದ ಊರಿನ ಭಾಷೆ, ಇವು ಕಾರಣಗಳಹುದು. ಇವಕ್ಕಿಂತ ಸೂಕ್ಷ್ಮವಾದುದು ಇನ್ನೊಂದುಂಟು. ಮುಂಗಡ ಪಡೆದು ಇಟ್ಟಿಗೆ ಭಟ್ಟಿಗೋ ಕಲ್ಲುಗಣಿಗೋ ಬಂದವನು ತನ್ನನ್ನು ಮೋಸಹೋದವನೆಂದು ಬಗೆಯದೆ ಸಾಲಗಾರನೆಂದೇ ಬಗೆಯುತ್ತಾನೆ. ತೆಗೆದುಕೊಂಡದ್ದನ್ನು ತೀರಿಸದೆ ಹೋಗುವುದು ಪಾಪವೆಂದು ತಾಯಿತಂದೆಗಳು ಅವನಿಗೆ ಕಲಿಸಿದ್ದಾರೆ. ನಾವೂ ನಮ್ಮ ಮಕ್ಕಳಿಗೆ ಅದನ್ನೇ ಕಲಿಸುತ್ತೇವೆ. ಹೀಗೆ ಅವನ ಪ್ರಾಮಾಣಿಕತೆಯೇ ಅವನ ಕಾಲಿನ ಸಂಕೋಲೆಯಾಗುತ್ತದೆ. ಆದರೆ ಋಣದ ಧರ್ಮವು ಕೊಟ್ಟವನಿಗೂ ಪಡೆದವನಿಗೂ ಸಮಾನವಾದುದು. ತೀರದಂತೆ ಲೆಕ್ಕ ಬರೆದು, ಬಿಟ್ಟುಹೋಗದಂತೆ ತಡೆದ ಧಣಿಯು ಅದನ್ನು ತಾನೇ ಮೊದಲು ಮುರಿದಿದ್ದಾನೆ. ಅಂತಹ ಬಲಾತ್ಕಾರದ ದುಡಿಮೆಯನ್ನು ಕಾಯಕವೆಂದು ಕರೆಯುವುದು ಆ ಪದಕ್ಕೇ ಅಪಚಾರವು. 1976ರ ಜೀತಪದ್ಧತಿ ರದ್ದತಿ ಅಧಿನಿಯಮವು ಜೀತದ ಸಾಲವೇ ಅಳಿದುಹೋಯಿತೆಂದು ಸಾರಿತು. ಅದರ ಬಾಬ್ತು ಹಣ ಸ್ವೀಕರಿಸುವವನಿಗೆ ಸೆರೆವಾಸವನ್ನೂ ವಿಧಿಸಿತು.

ಹರಿಯಾಣದ ಫರೀದಾಬಾದ್ ಜಿಲ್ಲೆಯ ಕಲ್ಲುಗಣಿಗಳ ವೃತ್ತಾಂತವು ಇಲ್ಲಿ ಸ್ಮರಣೀಯ. 1982ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಸ್ಥೆಯು ಅಲ್ಲಿಯ ಕೂಲಿಗಳ ಸ್ಥಿತಿಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರಮುಖೇನ ತಿಳಿಸಿತು. ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ಪರಿಗ್ರಹಿಸಿ, ವಕೀಲರನ್ನು ಗಣಿಗಳಿಗೇ ಕಳುಹಿಸಿ ವಿಚಾರಿಸಿತು. ಮುಂಗಡ ಪಡೆದುದು ಸಿದ್ಧವಾಗದ ಹೊರತು ಇವರು ಜೀತಗಾರರಲ್ಲವೆಂದು ರಾಜ್ಯ ಸರ್ಕಾರವು ವಾದಿಸಿತು. ಬಲವಂತದ ದುಡಿಮೆ ಕಂಡಲ್ಲಿ ಅದನ್ನು ಸಾಲದ ಜೀತವೆಂದೇ ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1983ರ ಡಿಸೆಂಬರಿನಲ್ಲಿ ತೀರ್ಪಿತ್ತರು. ಏನೂ ಇಲ್ಲದವನು ಕಾಗದಪತ್ರಗಳನ್ನು ಎಲ್ಲಿಂದ ತಂದಾನು?

ಆ ಪತ್ರವನ್ನು ಬರೆದವರು ಗಣಿಯ ಕೂಲಿಗಳಲ್ಲವೆಂಬುದನ್ನು ವಾಚಕ ಮಹಾಶಯರು ಗಮನಿಸಬೇಕು.

ಮನೆ ಕಟ್ಟಿಸುವ ಗೃಹಸ್ಥನು ಭಟ್ಟಿಗೆ ಹೋಗಿ ಸಾವಿರಕ್ಕೆ ಬೆಲೆಯೆಷ್ಟೆಂದು ವಿಚಾರಿಸುತ್ತಾನೆ. ಅಲ್ಲಿ ಮಣ್ಣು ಹೊರುವ ಹುಡುಗನು ಶಾಲೆಗೇಕೆ ಹೋಗಲಿಲ್ಲ, ಆ ಕುಟುಂಬವನ್ನು ಹಬ್ಬಕ್ಕಾದರೂ ಊರಿಗೆ ಬಿಡುವರೇ ಎಂದು ವಿಚಾರಿಸನು. ಶಾಲೆಯ ಗೋಡೆಗೆಂದು ಇಟ್ಟಿಗೆ ತರಲು ಹೋದಾಗ ನಾನೂ ವಿಚಾರಿಸಲಿಲ್ಲ. ಒಡೆದ ಇಟ್ಟಿಗೆಗಳನ್ನಷ್ಟೇ ಎಣಿಸಿ ಬಂದೆನು.

ನಿರಪರಾಧಿಯಾದ ಧಣಿಗೆ ಅಪವಾದ ತಗಲೀತಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ದೋಷನಿರ್ಣಯವು ನೋಡಿದವನ ಕೆಲಸವಲ್ಲ. ಧಣಿಯೊಡನೆ ಜಗಳಕ್ಕೆ ನಿಲ್ಲುವುದಂತೂ ಸಲ್ಲದು. ರಾತ್ರೋರಾತ್ರಿ ಆ ಕುಟುಂಬವನ್ನು ಬೇರೆಡೆಗೆ ಸಾಗಿಸಿಬಿಟ್ಟಾರು. ಕಂಡಷ್ಟನ್ನು ಜಿಲ್ಲಾಧಿಕಾರಿಗಳಿಗೋ ಉಪವಿಭಾಗಾಧಿಕಾರಿಗಳಿಗೋ ಬರೆದು ತಿಳಿಸಬಹುದು. ಅವರು ಸ್ಥಳಕ್ಕೆ ಬಂದು ವಿಚಾರಿಸಿ, ಜೀತವೆಂದು ಕಂಡರೆ ಬಿಡುಗಡೆ ಪತ್ರ ಕೊಡುತ್ತಾರೆ. ತನ್ನ ಮೇಲೆ ಸಾಲವೇ ಇಲ್ಲವೆಂಬುದನ್ನು ಆ ಕೂಲಿಯವನು ಮೊದಲ ಬಾರಿಗೆ ಕೇಳುವುದು ಬಹುಶಃ ಆಗಲೇ.