ತಂದೆಯನ್ನು ಹೊತ್ತು ತಂದ ಮಗ

ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳ ಮೃತರ ಸ್ಮರಣೆಗೆ ಹೆಸರು ಬರೆದುಕೊಳ್ಳುತ್ತಿದ್ದೆ. ಮದುವೆಗೆ ಮುಂಚೆ ದೀಕ್ಷಾಸ್ನಾನ ಪಡೆದು ನಮ್ಮ ಧರ್ಮಕೇಂದ್ರಕ್ಕೆ ಸೊಸೆಯಾಗಿ ಬಂದ ತಾಯಿಯೊಬ್ಬರು ಅತ್ತೆ, ಮಾವ, ಭಾವ ಎಲ್ಲರ ಹೆಸರನ್ನೂ ಬರೆಸಿದರು. ಆಮೇಲೂ ಹೋಗದೆ ನಿಂತರು. "ಫಾದರ್, ನಮ್ಮಪ್ಪನ ಹೆಸರು ಬರೀಬಹುದಾ? ಅವರು ಕೊನೇವರೆಗೂ ನಮ್ಮ ಮನೆದೇವರಿಗೇ ನಡೆದುಕೊಂಡವರು" ಎಂದರು.

"ಧಾರಾಳವಾಗಿ ಬರೆಯೋಣಮ್ಮ" ಎಂದೆ. ಉತ್ತರ ತಪ್ಪಾಗಿರಲಿಲ್ಲ. ಬದುಕಿರುವವರಿಗಾಗಲಿ ಮೃತರಿಗಾಗಲಿ, ಯಾರಿಗಾಗಿ ಬೇಕಾದರೂ ಬಲಿಪೂಜೆ ಅರ್ಪಿಸಲು ಗುರುವಿಗೆ ಸ್ವಾತಂತ್ರ್ಯವಿದೆ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಆದರೆ ಆ ಪ್ರಶ್ನೆಯ ಭಾರ ಎಷ್ಟೆಂದು ನನಗೆ ಅರಿವಾದದ್ದು ಮುಂದೊಮ್ಮೆ, ಡೆನ್ಮಾರ್ಕ್ ದೇಶದ ಯೆಲ್ಲಿಂಗ್ ಎಂಬ ಸಣ್ಣ ಊರಿಗೆ ಹೋದಾಗ.

ಅಲ್ಲಿ ಹುಲ್ಲು ಬೆಳೆದ ಎರಡು ದೊಡ್ಡ ಮಣ್ಣಿನ ದಿಬ್ಬಗಳಿವೆ. ದೊಡ್ಡದು ಸುಮಾರು 70 ಮೀಟರ್ ಅಗಲ, 11 ಮೀಟರ್ ಎತ್ತರ. ಸಾವಿರ ವರ್ಷಗಳ ಹಿಂದೆ ವೈಕಿಂಗ್ ರಾಜರು ಕಟ್ಟಿಸಿದವು. ಎರಡರ ನಡುವೆ ಬಿಳಿಯ ಬಣ್ಣದ ಒಂದು ಚರ್ಚು. ಚರ್ಚಿನ ಬಾಗಿಲ ಮುಂದೆ ಅಕ್ಷರ ಕೆತ್ತಿದ ಎರಡು ಕಲ್ಲುಗಳು. ರಸ್ತೆ ದಾಟಿದರೆ ಇವೆಲ್ಲದರ ಕಥೆ ಹೇಳುವ ಚಿಕ್ಕ ವಸ್ತುಸಂಗ್ರಹಾಲಯ. 1994ರಲ್ಲಿ ಯುನೆಸ್ಕೋ ಈ ಸ್ಥಳವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಉತ್ತರದ ದಿಬ್ಬದ ಮೇಲೆ ಹಿಂದೆ ನೀರಿನ ಹೊಂಡವಿತ್ತಂತೆ. 1820ರಲ್ಲಿ ಅದು ಬತ್ತಿದಾಗ ಊರಿನವರು ಅಗೆದರು. ಒಳಗೆ ಮರದ ತೊಲೆಗಳಿಂದ ಕಟ್ಟಿದ ಸಮಾಧಿ ಕೋಣೆ ಕಾಣಿಸಿತು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬೆಳ್ಳಿಯ ಬಟ್ಟಲೊಂದು ಸಿಕ್ಕಿತು. ಆದರೆ ಹೂಳಿದ್ದ ದೇಹ ಇರಲಿಲ್ಲ. ತೊಲೆಗಳ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ, ಆ ಕೋಣೆಗೆ ಮರ ಕಡಿದದ್ದು ಕ್ರಿ.ಶ. 958ರ ಸುಮಾರಿನಲ್ಲಿ ಎಂದು ತಿಳಿದಿದ್ದಾರೆ. ದಕ್ಷಿಣದ ದಿಬ್ಬವನ್ನು 1861ರಲ್ಲೂ 1941ರಲ್ಲೂ ಅಗೆದು ನೋಡಿದರು. ಅಲ್ಲಿ ಸಮಾಧಿಯೇ ಇರಲಿಲ್ಲ.

ಹಾಗಾದರೆ ರಾಜ ಎಲ್ಲಿ? 1970ರ ದಶಕದ ಕೊನೆಯಲ್ಲಿ ಚರ್ಚಿನ ನೆಲವನ್ನು ಅಗೆದಾಗ ಅಡಿಯಲ್ಲಿ ನಡುವಯಸ್ಸಿನ ಗಂಡಸೊಬ್ಬನ ಮೂಳೆಗಳೂ ಬಂಗಾರದ ಎಳೆಗಳೂ ಸಿಕ್ಕವು. ಮೂಳೆಗಳು ದೇಹದಲ್ಲಿ ಇರುವ ಕ್ರಮದಲ್ಲಿ ಇರಲಿಲ್ಲ. ಅಂದರೆ ಬೇರೆಲ್ಲೋ ಹೂಳಿದ್ದ ದೇಹ ಕರಗಿದ ಮೇಲೆ ಯಾರೋ ಎತ್ತಿ ತಂದು ಇಲ್ಲಿ ಇಟ್ಟಿದ್ದಾರೆ. ಇವು ಗೋರ್ಮ್ ರಾಜನ ಮೂಳೆಗಳು, ತಂದವನು ಅವನ ಮಗ ಹರಾಲ್ಡ್ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ. ಒಪ್ಪದವರೂ ಇದ್ದಾರೆ.

ಹರಾಲ್ಡ್ ನಮಗೆ ಪೂರ್ತಿ ಅಪರಿಚಿತನಲ್ಲ. ಅವನ ಅಡ್ಡಹೆಸರು 'ನೀಲಿಹಲ್ಲಿನವ', ಬ್ಲೂಟೂತ್. ನಮ್ಮ ಮಕ್ಕಳ ಮೊಬೈಲ್ ಫೋನಿನಲ್ಲಿರುವ ಬ್ಲೂಟೂತ್‌ಗೆ ಇವನದೇ ಹೆಸರು. ತಂದೆ ಗೋರ್ಮ್ ಹಳೆಯ ದೇವತೆಗಳನ್ನು ಪೂಜಿಸಿದವನು. ಮಗ 965ರ ಸುಮಾರಿಗೆ ಕ್ರಿಸ್ತನನ್ನು ಒಪ್ಪಿಕೊಂಡ. ಚರ್ಚಿನ ಮುಂದಿನ ದೊಡ್ಡ ಕಲ್ಲನ್ನು ನಿಲ್ಲಿಸಿದವನು ಅವನೇ. ಅದರ ಒಂದು ಮುಖದಲ್ಲಿ ಕೈಚಾಚಿ ನಿಂತ ಯೇಸುಸ್ವಾಮಿಯ ಚಿತ್ರವಿದೆ. ಸುತ್ತಲೂ ಬಳ್ಳಿಯಂಥ ಹೆಣಿಗೆ. ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದವನು, ತನ್ನ ಜನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನು ಎಂದು ಅವನು ಅದರಲ್ಲಿ ಬರೆಸಿದ್ದಾನೆ. ಆದರೆ ಅದಕ್ಕೂ ಮೊದಲು ಬರೆಸಿದ್ದು ಬೇರೆ: ಈ ಸ್ಮಾರಕವನ್ನು ಮಾಡಿಸಿದ್ದು ತನ್ನ ತಂದೆ ಗೋರ್ಮ್ ಮತ್ತು ತಾಯಿ ತ್ಯೂರಾ ಅವರ ನೆನಪಿಗೆ ಎಂದು. ಹೊಸ ವಿಶ್ವಾಸವನ್ನು ಸಾರುವ ಕಲ್ಲಿನಲ್ಲಿ ಮೊದಲ ಸ್ಥಾನ ಹೆತ್ತವರಿಗೆ. ನಾಲ್ಕನೆಯ ಕಟ್ಟಳೆಯನ್ನು ಕಲ್ಲಿನಲ್ಲಿ ಓದಿದಂತಾಯಿತು ನನಗೆ.

ಇದೇ ಉತ್ತರ ದೇಶಗಳ ಇನ್ನೊಂದು ಐತಿಹ್ಯ ಸೆಮಿನರಿಯ ದಿನಗಳಿಂದ ನನ್ನ ನೆನಪಿನಲ್ಲಿದೆ. ಫ್ರಿಸಿಯನ್ನರ ರಾಜ ರಾಡ್‌ಬೋಡ್ ದೀಕ್ಷಾಸ್ನಾನಕ್ಕೆ ಒಪ್ಪಿ ತೊಟ್ಟಿಯೊಳಗೆ ಒಂದು ಕಾಲಿಟ್ಟನಂತೆ. "ನಮ್ಮ ಪೂರ್ವಜರು ಈಗ ಎಲ್ಲಿದ್ದಾರೆ?" ಎಂದು ಕೇಳಿದ. ನರಕದಲ್ಲಿ ಎಂಬ ಉತ್ತರ ಬಂತು. ಅವರನ್ನು ಬಿಟ್ಟು ನನಗೆ ಸ್ವರ್ಗ ಬೇಡ ಎಂದು ರಾಜ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ರಾಡ್‌ಬೋಡ್ ತೀರಿಕೊಂಡದ್ದು 719ರಲ್ಲಿ. ಕಥೆ ಎಷ್ಟು ನಿಜವೋ, ಆದರೆ ಅವನ ಪ್ರಶ್ನೆ ಮಾತ್ರ ನಿಜವಾದದ್ದು. ಪೆನ್ನು ಹಿಡಿದ ನನ್ನ ಕೈಯನ್ನೇ ನೋಡುತ್ತ ನಿಂತಿದ್ದ ಆ ತಾಯಿಯ ಪ್ರಶ್ನೆಯೂ ಅದೇ ಅಲ್ಲವೇ?

ರಾಡ್‌ಬೋಡ್‌ನಿಗೆ ಸಿಕ್ಕ ಉತ್ತರ ಧರ್ಮಸಭೆ ಇಂದು ಕೊಡುವ ಉತ್ತರವಲ್ಲ. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದವರು, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಅಂತಃಸಾಕ್ಷಿಗೆ ಓಗೊಟ್ಟು, ದೇವರ ವರಪ್ರಸಾದದ ನೆರವಿನಿಂದ ಬಾಳಿದರೆ ರಕ್ಷಣೆ ಹೊಂದಬಲ್ಲರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ಪ್ರೇಷಿತರ ವಿಶ್ವಾಸ ಸಂಗ್ರಹವನ್ನು ಹೇಳುವಾಗ, ಕ್ರಿಸ್ತರು ಪಾತಾಳಕ್ಕೆ ಇಳಿದರೆಂದು ನಾವು ಅರಿಕೆ ಮಾಡುತ್ತೇವೆ. ತಮಗಿಂತ ಮುಂಚೆ ಸತ್ತವರನ್ನು ಅವರು ಮರೆಯಲಿಲ್ಲ ಎಂದಲ್ಲವೇ ಅದರ ಅರ್ಥ?

ಆದರೂ ದಿಬ್ಬದ ಮೇಲೆ ನಿಂತಾಗ ಒಂದು ಸಂದೇಹ ನನ್ನನ್ನು ಬಿಡಲಿಲ್ಲ. ವಿದ್ವಾಂಸರ ಊಹೆ ನಿಜವಾದರೆ ಹರಾಲ್ಡ್ ಮಾಡಿದ್ದು ಸರಿಯೇ? ತಂದೆ ತನ್ನ ದೇವರುಗಳನ್ನು ನಂಬಿಯೇ ಸತ್ತವನು. ಅವನನ್ನು ಕೇಳದೆ, ಅವನ ಸಮಾಧಿಯನ್ನು ಒಡೆದು ಚರ್ಚಿನೊಳಗೆ ತರುವುದು ಪ್ರೀತಿಯೋ ಬಲವಂತವೋ? ವಿಶ್ವಾಸ ಎನ್ನುವುದು ಮನುಷ್ಯ ದೇವರಿಗೆ ಸ್ವತಂತ್ರನಾಗಿ ಕೊಡುವ ಉತ್ತರ. ಮಗನಾದರೂ ತಂದೆಯ ಪರವಾಗಿ ಅದನ್ನು ಕೊಡಲಾರ. ಮೂಳೆಗಳನ್ನು ಎತ್ತಿ ತರಬಹುದು, ಮನಸ್ಸನ್ನು ತರಲಾಗದು.

ಹಾಗಾದರೆ ನಮ್ಮ ಪಾಲಿಗೆ ಉಳಿಯುವುದೇನು? ಸತ್ತವರನ್ನು ನಮ್ಮವರೆಂದು ಒಪ್ಪಿಕೊಳ್ಳುವುದು, ದೇವರ ಮುಂದೆ ಅವರ ಹೆಸರು ಹೇಳುವುದು, ತೀರ್ಪನ್ನು ಅವರಿಗೇ ಬಿಡುವುದು. ನಮ್ಮ ಪ್ರಾರ್ಥನೆ ಯಾರನ್ನೂ ಸತ್ತ ಮೇಲೆ ಕ್ರೈಸ್ತರನ್ನಾಗಿ ಮಾಡುವುದಿಲ್ಲ. ನಮಗೆ ಬದುಕನ್ನೂ ಒಳ್ಳೆಯತನವನ್ನೂ ಕೊಟ್ಟವರನ್ನು ಕರುಣಾಳು ತಂದೆಯ ಕೈಗೆ ಒಪ್ಪಿಸುತ್ತದೆ. ಹರಾಲ್ಡ್ ಬಯಸಿದ್ದೂ ಇಷ್ಟೇ ಇದ್ದೀತು. ಚರ್ಚಿನಡಿ ಸಿಕ್ಕ ಆ ಮೂಳೆಗಳನ್ನು ಪರೀಕ್ಷೆಗೆಂದು ತೆಗೆದುಕೊಂಡು ಹೋಗಿದ್ದರು. 2000ದಲ್ಲಿ ಗೌರವದಿಂದ ಅದೇ ಚರ್ಚಿನ ನೆಲದಡಿ ಮತ್ತೆ ಇಟ್ಟರು. ಸತ್ತವರು ನೋಡುವ ವಸ್ತುಗಳಲ್ಲ, ನಮ್ಮ ಹಿರಿಯರು ಎಂಬ ತಿಳಿವು ಅದರಲ್ಲಿ ನನಗೆ ಕಂಡಿತು.

ಪ್ರಿಯರೇ, ನಮ್ಮ ಅನೇಕ ಮನೆಗಳಲ್ಲಿ ಬೇರೆ ಧರ್ಮದ ಮನೆತನದಿಂದ ಬಂದ ಸೊಸೆಯಂದಿರೂ ಅಳಿಯಂದಿರೂ ಇದ್ದಾರೆ. ದೀಕ್ಷಾಸ್ನಾನ ಕೊಟ್ಟಾಗ ನಾವು ಅವರಿಗೆ ಹೊಸ ಹೆಸರು ಕೊಟ್ಟೆವು, ಹೊಸ ಮನೆ ಕೊಟ್ಟೆವು. ಅವರ ಅಪ್ಪ ಅಮ್ಮನ ಹೆಸರು ಕೇಳಿದೆವೇ? ಈ ನವೆಂಬರಿನಲ್ಲಿ ಪಟ್ಟಿ ಬರೆಯುವಾಗ ಅವರು ಕೇಳಲಿ ಎಂದು ಕಾಯಬೇಡಿ. "ನಿಮ್ಮ ಕಡೆಯವರ ಹೆಸರೂ ಹೇಳಮ್ಮ" ಎಂದು ನೀವೇ ಕೇಳಿ. ಆ ದಿನ ನಾನು ತಂದೆಯ ಹೆಸರನ್ನು ಬರೆದುಕೊಂಡಾಗ ಆ ತಾಯಿ ಏನೂ ಹೇಳಲಿಲ್ಲ. ಸರಿಯಾಗಿ ಬರೆದೆನೋ ಇಲ್ಲವೋ ಎಂದು ಬಗ್ಗಿ ನೋಡಿ, ಒಂದಕ್ಷರ ತಿದ್ದಿಸಿ ಹೋದರು.