ಯಾವಾಗ ಬರಲಿ? ಏನು ತರಲಿ?



ಒಂದು ಸಂಜೆ ನಿಮ್ಮ ಮನೆಗೆ ಫೋನು ಬರುತ್ತದೆ ಎಂದಿಟ್ಟುಕೊಳ್ಳಿ. ಅಮೆರಿಕದ ಷಿಕಾಗೊ ನಗರದಲ್ಲಿರುವ ಮಗಳು ಮಾತನಾಡುತ್ತಿದ್ದಾಳೆ. ಅವಳು ಗರ್ಭಿಣಿ. ದಿನ ತುಂಬುವುದು ಜನವರಿಯಲ್ಲಿ. "ಅಮ್ಮಾ, ನೀನೂ ಅಪ್ಪನೂ ಒಂದು ಸಲ ಬನ್ನಿ. ನಿಮಗೆ ಯಾವಾಗ ಅನುಕೂಲವೋ ಆಗ ಬನ್ನಿ" ಎನ್ನುತ್ತಾಳೆ. ಫೋನು ಇಟ್ಟ ಮೇಲೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಯಾವಾಗ ಹೋಗುವುದು? ಏನೇನು ಕಟ್ಟಿಕೊಂಡು ಹೋಗುವುದು?

ಮೇಲ್ನೋಟಕ್ಕೆ ಇವು ಟಿಕೆಟ್ ಮಾಡಿಸಿಕೊಡುವವರ ಬಳಿ ಕೇಳಬೇಕಾದ ಪ್ರಶ್ನೆಗಳು. ಆದರೆ ಸ್ವಲ್ಪ ಹೊತ್ತು ಕುಳಿತು ಯೋಚಿಸಿದರೆ ಇವು ನಮ್ಮ ಮನಸ್ಸಾಕ್ಷಿಯ ಬಾಗಿಲನ್ನೂ ತಟ್ಟುತ್ತವೆ.

ನಮ್ಮ ಸೀಮೆಯವರಿಗೆ ದೂರದ ದೇಶ ಹೊಸದಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿಬಂದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ಅವರೇ ಮುಂದೆ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಂದು ಹೋದವರು ಒಬ್ಬಿಬ್ಬರು, ಅದೂ ವಿದ್ಯೆಗಾಗಿ, ಕೆಲಸಕ್ಕಾಗಿ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಂದೆತಾಯಂದಿರೂ ಪಾಸ್‌ಪೋರ್ಟು ಹಿಡಿದು ಹೊರಡುತ್ತಿದ್ದಾರೆ. ಮೊದಲೆಲ್ಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಮಗಳ ಬಳಿಗೆ ಹೋಗಬೇಕಾಗಿದೆ.

ಹೋಗುವ ಊರು ಎಂಥದ್ದು? ನಮಗೆ ಬೇಸಿಗೆ, ಮಳೆ, ಚಳಿ ಗೊತ್ತು. ಡಿಸೆಂಬರಿನ ಮುಂಜಾನೆ ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಂಬಳಿ ಹೊದ್ದು, ಅವರೆಕಾಯಿ ಸುಲಿಯುತ್ತಾ ಕುಳಿತರೆ ನಮ್ಮ ಚಳಿಗಾಲ ಕಳೆದುಹೋಗುತ್ತದೆ. ಷಿಕಾಗೊ ಹಾಗಲ್ಲ. ಅದು ವಸಂತ, ಬೇಸಿಗೆ, ಎಲೆ ಉದುರುವ ಕಾಲ, ಹಿಮಗಾಲ ಎಂದು ನಾಲ್ಕು ಕಾಲಗಳನ್ನೂ ಪೂರ್ತಿಯಾಗಿ ಕಾಣುವ ಊರು. ಜುಲೈನಲ್ಲಿ ಹಗಲಿನ ಬಿಸಿಲು 28-29 ಡಿಗ್ರಿ, ಸಂಜೆ ಎಂಟೂವರೆಯವರೆಗೆ ಬೆಳಕು. ಅಕ್ಟೋಬರಿನಲ್ಲಿ ಮರಗಳೆಲ್ಲ ಕೆಂಪು, ಹಳದಿ. ಜನವರಿಯಲ್ಲಿ ಮಾತ್ರ ರಾತ್ರಿಯ ಶೀತ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋಗುವುದು ಮಾಮೂಲು. 2019ರ ಜನವರಿ 30ರಂದು ಅದು ಸೊನ್ನೆಗಿಂತ ಸುಮಾರು 31 ಡಿಗ್ರಿ ಕೆಳಗಿಳಿದಿತ್ತು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಕಾಲುದಾರಿಯ ಮೇಲೆ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ವಯಸ್ಸಾದವರು ಜಾರಿಬಿದ್ದರೆ ಮೂಳೆ ಮುರಿಯುವ ಭಯ.

ಆದ್ದರಿಂದ ತಿಳಿದವರು ಹೇಳುವುದು ಇಷ್ಟೇ: ಊರು ನೋಡಲು ಹೋಗುವುದಾದರೆ ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಒಳ್ಳೆಯ ಕಾಲ. ಈ ಮಾತು ಸರಿಯಾಗಿಯೇ ಇದೆ. ಆದರೆ ನೀವು ಹೋಗುತ್ತಿರುವುದು ಊರು ನೋಡಲಿಕ್ಕೋ, ಮಗಳನ್ನು ನೋಡಲಿಕ್ಕೋ?

ಎರಡು ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಂಥ ಮನೆಗಳು ನಮ್ಮ ನಡುವೆ ಇವೆ.

ಮೊದಲನೆಯ ಮನೆಯವರು, "ಅಯ್ಯೋ, ಆ ಚಳಿಯಲ್ಲಿ ಹೇಗೆ ಇರುವುದು? ಜೂನ್‌ನಲ್ಲಿ ಹೋದರಾಯಿತು, ಅಷ್ಟರಲ್ಲಿ ಮಗುವೂ ಗಟ್ಟಿಯಾಗಿರುತ್ತದೆ" ಎಂದುಕೊಂಡರು. ಹಾಗೆಯೇ ಹೋದರು. ಮಗು ನಗುತ್ತಿತ್ತು, ಹೂವು ಅರಳಿದ್ದವು, ಸರೋವರದ ದಡದಲ್ಲಿ ಫೋಟೋ ತೆಗೆಸಿಕೊಂಡರು. ಹಿಂದಿರುಗುವ ಹಿಂದಿನ ರಾತ್ರಿ ಮಗಳು ಪಾತ್ರೆ ಒರೆಸುತ್ತಾ ಹೇಳಿದಳು: "ನೀನು ಬಂದದ್ದು ಸಂತೋಷ ಅಮ್ಮಾ. ಆದರೆ ಜನವರಿಯಲ್ಲಿ ಎರಡೇ ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಇವರು ಕೆಲಸಕ್ಕೆ ಹೋದ ಮೇಲೆ ಒಂದು ಲೋಟ ಬಿಸಿನೀರು ಕೊಡುವವರು ಇರಲಿಲ್ಲ." ಆ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ತಾಯಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ದೇಶದಲ್ಲಿ ಸಂಬಳ ಸಹಿತ ಹೆರಿಗೆ ರಜೆಯನ್ನು ಎಲ್ಲ ಉದ್ಯೋಗಿಗಳಿಗೂ ಕೊಡಿಸುವ ರಾಷ್ಟ್ರೀಯ ಕಾನೂನು ಇಲ್ಲ ಎಂಬುದನ್ನು ನಾವು ತಿಳಿದಿರಬೇಕು. 1993ರ ಕಾಯ್ದೆಯ ಪ್ರಕಾರ ಅರ್ಹರಾದವರಿಗೆ 12 ವಾರಗಳ ರಜೆ ಉಂಟು, ಆದರೆ ಸಂಬಳವಿಲ್ಲ. ಬಾಣಂತಿಗೆ ಅಲ್ಲಿ ಕೈಹಿಡಿಯುವವರು ಬೇಕಾದದ್ದು ಆ ದಿನಗಳಲ್ಲೇ.

ಎರಡನೆಯ ಮನೆಯ ತಂದೆಗೆ ಉಬ್ಬಸ. ಚಳಿ ತಾಗಿದರೆ ಎದೆ ಕಟ್ಟುತ್ತದೆ. ಆದರೂ "ಮಗಳ ಹೆರಿಗೆಗೆ ಹೋಗದಿದ್ದರೆ ನಾಲ್ಕು ಜನ ಏನೆಂದಾರು?" ಎಂದು, ಮಗಳಿಗೆ ತನ್ನ ಕಾಯಿಲೆಯ ವಿಷಯ ಹೇಳದೆ, ಜನವರಿಯಲ್ಲೇ ಹೊರಟರು. ಹದಿನೈದು ದಿನದೊಳಗೆ ಹಾಸಿಗೆ ಹಿಡಿದರು. ಹಸುಗೂಸನ್ನು ಎತ್ತಿಕೊಂಡು ಮಗಳು ತಂದೆಯ ಆರೈಕೆಗೆ ನಿಲ್ಲಬೇಕಾಯಿತು. ಸಹಾಯಕ್ಕೆ ಹೋದವರೇ ಹೊರೆಯಾದರು.

ಹೇಳಿ, ಈ ಇಬ್ಬರಲ್ಲಿ ತಪ್ಪು ಯಾರದು? ಮೊದಲನೆಯವರು ತಮ್ಮ ಸುಖ ನೋಡಿಕೊಂಡರು, ಎರಡನೆಯವರು ತ್ಯಾಗ ಮಾಡಿದರು ಎಂದು ತೀರ್ಪು ಕೊಡುವುದು ಸುಲಭ. ಆದರೆ ಎರಡೂ ಮನೆಗಳಲ್ಲಿ ಕೊರತೆಯಾದದ್ದು ಒಂದೇ. ಮಗಳ ಅಗತ್ಯವೇನು, ನಮ್ಮ ಶಕ್ತಿಯೆಷ್ಟು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಮಗಳು "ನಿಮಗೆ ಅನುಕೂಲವಾದಾಗ ಬನ್ನಿ" ಎಂದಳು. ತಂದೆ "ನನಗೇನೂ ತೊಂದರೆಯಿಲ್ಲ" ಎಂದರು. ಎರಡೂ ಪ್ರೀತಿಯಿಂದ ಹೇಳಿದ ಮಾತುಗಳು. ಎರಡೂ ನಿಜವಾಗಿರಲಿಲ್ಲ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಕೇಳುತ್ತದೆ. ಆ ಒಂದು ವಾರ ಮನೆಯವರು ಮದುವೆ, ಜಾತ್ರೆ ಎಂದು ಹೊರಗೆ ಹೋಗುವುದಿಲ್ಲ. "ನಮಗೆ ಬಿಡುವಾದಾಗ ಸೊಪ್ಪು ಹಾಕುತ್ತೇವೆ" ಎಂದರೆ ಹುಳು ಕಾಯುತ್ತದೆಯೇ? ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕಾದ ಹೊತ್ತೂ ಹಾಗೆಯೇ. ಒಂದು ಹುಳುವಿನ ಹೊತ್ತನ್ನು ಇಷ್ಟು ಗೌರವಿಸುವ ನಾವು, ನಮ್ಮ ಮಕ್ಕಳ ಹೊತ್ತನ್ನು ಮಾತ್ರ ನಮ್ಮ ಅನುಕೂಲಕ್ಕೆ ಬಗ್ಗಿಸಲು ನೋಡುತ್ತೇವಲ್ಲ!

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ಇಂದು ರಾತ್ರಿ ತೆಗೆದು ಓದಿ. ಪೌಲರು ಸೆರೆಮನೆಯಲ್ಲಿದ್ದಾರೆ, ವಯಸ್ಸಾಗಿದೆ, ಜೊತೆಗಿದ್ದವರು ಬಹುಮಟ್ಟಿಗೆ ಚದುರಿಹೋಗಿದ್ದಾರೆ. ಅವರು ತಿಮೊಥೇಯನಿಗೆ ಬೇಗ ಬರುವಂತೆ ಹೇಳುತ್ತಾರೆ. ಅಷ್ಟಕ್ಕೇ ಬಿಡದೆ, ಚಳಿಗಾಲಕ್ಕೆ ಮುಂಚೆ ಬರಬೇಕೆಂದು ಕಾಲವನ್ನೂ ಗೊತ್ತುಮಾಡುತ್ತಾರೆ. ತ್ರೋವ ಪಟ್ಟಣದಲ್ಲಿ ಕಾರ್ಪ ಎಂಬವನ ಮನೆಯಲ್ಲಿ ಬಿಟ್ಟುಬಂದ ತಮ್ಮ ಹೊದಿಕೆಯನ್ನೂ ಪುಸ್ತಕಗಳನ್ನೂ ತರಬೇಕೆಂದು ಪಟ್ಟಿ ಕೊಡುತ್ತಾರೆ. ಚಳಿಗಾಲದಲ್ಲಿ ಆ ಸಮುದ್ರದ ಮೇಲೆ ಹಡಗುಗಳ ಸಂಚಾರ ಬಹುತೇಕ ನಿಂತುಹೋಗುತ್ತಿತ್ತು. ಅದರ ಅಪಾಯ ಪೌಲರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೊಮ್ಮೆ ಹಡಗು ಒಡೆದು ಮಾಲ್ಟಾ ದ್ವೀಪದಲ್ಲಿ ಮೂರು ತಿಂಗಳು ಕಳೆದವರು ಅವರು.

ಅಷ್ಟು ದೊಡ್ಡ ಪ್ರೇಷಿತರು ತಮಗೆ ಚಳಿಯಾಗುತ್ತದೆ, ಒಂಟಿತನವಾಗುತ್ತದೆ ಎಂದು ಹೇಳಿಕೊಳ್ಳಲು ನಾಚಲಿಲ್ಲ. ಯಾವಾಗ ಬೇಕು, ಏನು ಬೇಕು ಎಂದು ಬಿಡಿಸಿ ಬರೆದರು. ಬರುವವನ ಅಪಾಯವನ್ನೂ ಮರೆಯಲಿಲ್ಲ. ಮಗಳೂ ಹೀಗೆ ಕೇಳಬೇಕು. ತಂದೆತಾಯಿಯೂ ತಮ್ಮ ಮೊಣಕಾಲು, ಉಬ್ಬಸ, ರಕ್ತದೊತ್ತಡದ ವಿಷಯ ಮುಚ್ಚಿಡದೆ ಹೇಳಬೇಕು. ಆಗ ದಾರಿ ತಾನಾಗಿ ಕಾಣುತ್ತದೆ. ಗಟ್ಟಿಯಾಗಿರುವ ತಾಯಿ ಡಿಸೆಂಬರ್ ಕೊನೆಗೆ ಹೊರಡಬಹುದು. ಉಬ್ಬಸವಿರುವ ತಂದೆ ಮೇ ತಿಂಗಳಲ್ಲಿ ಹೋಗಿ ಇಬ್ಬರೂ ಜೊತೆಯಾಗಿ ಮರಳಬಹುದು. ಸಂದರ್ಶಕರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಆದರೆ ವೀಸಾದ ಸರದಿಗೆ ಎಷ್ಟೋ ತಿಂಗಳು ಹಿಡಿಯಬಹುದಾದ್ದರಿಂದ ಈ ಮಾತುಕತೆ ಮೊದಲೇ ಆಗಬೇಕು.

ಇನ್ನು ಎರಡನೆಯ ಪ್ರಶ್ನೆ, ಗಂಟುಮೂಟೆಯದು. ಬಹಳಷ್ಟು ವಿಮಾನಗಳಲ್ಲಿ ಒಬ್ಬರಿಗೆ 23 ಕಿಲೋ ತೂಕದ ಎರಡು ಪೆಟ್ಟಿಗೆಗಳು. ಟಿಕೆಟಿನಲ್ಲಿ ನೋಡಿಕೊಳ್ಳಿ. ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡಿದರೆ ನಮ್ಮ ಮನಸ್ಸೂ ಕಾಣುತ್ತದೆ. ಅಳಿಯನ ಸ್ನೇಹಿತರ ಮುಂದೆ ಉಡಲು ಆರು ರೇಷ್ಮೆ ಸೀರೆ, ಮಗಳು ಕೇಳದ ಹತ್ತು ಕಿಲೋ ಬೇಳೆ, ಪುಡಿ, ತಿಂಡಿ. ಷಿಕಾಗೊದ ಡೆವನ್ ಅವೆನ್ಯೂ ಎಂಬ ಬೀದಿಯಲ್ಲಿ ನಮ್ಮ ಅಡುಗೆಮನೆಯ ಸಾಮಾನೆಲ್ಲ ಸಿಗುತ್ತದೆ. ದಪ್ಪ ಕೋಟನ್ನು ಇಲ್ಲಿಂದ ಕೊಂಡುಹೋಗುವುದೂ ದಂಡ. ಅಲ್ಲಿನ ಚಳಿಗೆ ಅಲ್ಲಿನ ಕೋಟೇ ಬೇಕು. ಮಗಳು ಒಂದನ್ನು ಎರವಲು ತಂದಿಟ್ಟರೂ ಸಾಕು. ಮೈಗೆ ಅಂಟುವ ಒಳ ಉಡುಪು, ಅದರ ಮೇಲೆ ಸ್ವೆಟರ್, ಮೇಲೆ ಗಾಳಿ ತಡೆಯುವ ಕೋಟು ಎಂದು ಪದರ ಪದರವಾಗಿ ಹಾಕಬೇಕು. ಕಿವಿ ಮುಚ್ಚುವ ಟೋಪಿ, ಕೈಗವಸು, ಉಣ್ಣೆಯ ಕಾಲುಚೀಲ, ಜಾರದ ಅಟ್ಟೆಯ ಬೂಟು ಬೇಕು. ಮನೆಯೊಳಗೆ ಬೆಚ್ಚಗಿರುವುದರಿಂದ ಹತ್ತಿ ಸೀರೆ, ಒಂದು ತೆಳು ಸ್ವೆಟರ್ ಸಾಕಾಗುತ್ತದೆ. ಮಾತ್ರೆಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಲಿ. ಆರೋಗ್ಯ ವಿಮೆ ಮಾಡಿಸದೆ ಹೊರಡಬೇಡಿ. ಅಲ್ಲಿನ ಆಸ್ಪತ್ರೆಯ ಬಿಲ್ಲನ್ನು ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಒಂದು ಸಣ್ಣ ಪರೀಕ್ಷೆಯೂ ಉಂಟು. ಮಗಳಿಗೆ ಇಷ್ಟವೆಂದು ಸೀರೆಯ ಮಡಿಕೆಯಲ್ಲಿ ಹಸಿ ಕರಿಬೇವು ಬಚ್ಚಿಟ್ಟುಕೊಂಡು ಹೋಗುವವರಿದ್ದಾರೆ. ಅಮೆರಿಕಕ್ಕೆ ಹಸಿ ಕರಿಬೇವನ್ನು ಒಯ್ಯುವಂತಿಲ್ಲ. ಆ ಎಲೆಯೊಡನೆ ಹೋಗುವ ಕೀಟ ಕಿತ್ತಳೆ ತೋಟಗಳನ್ನೇ ಹಾಳುಮಾಡುವ ರೋಗವನ್ನು ಹರಡಬಲ್ಲದು. ಹಣ್ಣು, ಮಾಂಸ, ಅಕ್ಕಿ, ಕೆಲವು ಕಾಳುಗಳಿಗೂ ನಿಯಮಗಳಿವೆ. ಇರುವುದನ್ನು ಇದೆ ಎಂದು ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 1,000 ಡಾಲರಿನವರೆಗೆ ದಂಡ ಬೀಳಬಹುದು. ದಂಡದ ಮಾತು ಹಾಗಿರಲಿ. ಯಾವನೋ ಒಬ್ಬ ರೈತನ ತೋಟ ನಮ್ಮ ಒಗ್ಗರಣೆಗಿಂತ ದೊಡ್ಡದು ಎಂದು ದ್ರಾಕ್ಷಿ, ಟೊಮೆಟೊ ಬೆಳೆಯುವ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕೇ?

ಹಾಗಾದರೆ ಏನು ಒಯ್ಯಬೇಕು? ಕೇಳಿ ಒಯ್ಯಿರಿ. ಪೌಲರು ಹೊಸ ಹೊದಿಕೆ ಬೇಡಲಿಲ್ಲ, ತಮ್ಮ ಹಳೆಯದನ್ನೇ ಕೇಳಿದರು. ಮಗಳನ್ನು ಬಿಚ್ಚುಮನಸ್ಸಿನಿಂದ ಕೇಳಿದರೆ ಅವಳೂ ಬಹುಶಃ ಹೇಳಿಯಾಳು: "ನಿನ್ನ ಹಳೆಯ ಹತ್ತಿ ಸೀರೆ ಎರಡು ತಾ ಅಮ್ಮಾ, ಮಗುವಿಗೆ ಸುತ್ತಲು." ಒಗೆದು ಒಗೆದು ಮೆತ್ತಗಾದ ಆ ಬಟ್ಟೆ ಡೆವನ್ ಅವೆನ್ಯೂನಲ್ಲಿ ಸಿಗುವುದಿಲ್ಲ.

ಮರಿಯಮ್ಮನವರು ಎಲಿಜಬೇತಳನ್ನು ಕಾಣಲು ಬೆಟ್ಟದ ಸೀಮೆಗೆ ಅವಸರವಾಗಿ ಹೋದರೆಂದು ಸಂತ ಲೂಕರು ಹೇಳುತ್ತಾರೆ. ಎಲಿಜಬೇತಳಿಗೆ ಆಗ ಆರನೆಯ ತಿಂಗಳು. ಮರಿಯಮ್ಮನವರು ಅಲ್ಲಿ ಇದ್ದದ್ದು ಸುಮಾರು ಮೂರು ತಿಂಗಳು. ಲೆಕ್ಕ ಹಾಕಿ ನೋಡಿ, ಕೈನೆರವು ಬೇಕಾದ ತಿಂಗಳುಗಳೇ ಅವು. ಗಂಟಿನಲ್ಲಿ ಏನಿತ್ತೆಂದು ಲೂಕರು ಬರೆಯಲೇ ಇಲ್ಲ.

ನಿಮ್ಮಲ್ಲಿ ಅನೇಕರು, "ನಮಗೇನು ವಿಮಾನ, ನಮಗೇನು ಷಿಕಾಗೊ?" ಎನ್ನಬಹುದು. ಆದರೆ ಚಿಂತಾಮಣಿಯಿಂದ ಗೌರಿಬಿದನೂರಿಗೆ ಒಂದು ದಿನದಲ್ಲಿ ಹೋಗಿಬರಬಹುದು. ಅಲ್ಲಿ ಕಾಲು ಮುರಿದು ಮಲಗಿರುವ ಅತ್ತೆಯನ್ನು ನೋಡಲು "ಮಳೆ ಕಡಿಮೆಯಾಗಲಿ, ಮಕ್ಕಳಿಗೆ ರಜೆ ಬರಲಿ" ಎಂದು ಕಾದಿದ್ದೇವೆ ಅಲ್ಲವೇ? ರಜೆ ಬರುವಷ್ಟರಲ್ಲಿ ಅತ್ತೆ ಎದ್ದು ನಡೆದಾಡುತ್ತಿರುತ್ತಾಳೆ, ಇಲ್ಲವೇ ಇರುವುದೇ ಇಲ್ಲ. ಆಮೇಲೆ ಹಣ್ಣಿನ ಬುಟ್ಟಿ ಹಿಡಿದು ಹೋಗುವುದರಿಂದ ಏನು ಬಂತು?

ಇಂದು ಸಂಜೆ ಜಪಸರ ಮುಗಿದ ಮೇಲೆ ಒಂದು ಫೋನು ಮಾಡಿ. "ನಿನಗೆ ನಾನು ಯಾವಾಗ ಬೇಕು? ಏನು ತರಲಿ? ನಿಜ ಹೇಳು" ಎಂದು ಕೇಳಿ. ಅವರು ನಿಜ ಹೇಳಿದ ಮೇಲೆ ನಿಮ್ಮ ನಿಜವನ್ನೂ ಹೇಳಿ. ಟಿಕೆಟಿನ ಮಾತು ಆಮೇಲೆ.