ದೃಷ್ಟಾಂತದ ಎಲ್ಲೆ

ಸೂಕ್ಷ್ಮವಾದ ವಿಚಾರವೊಂದನ್ನು ಇನ್ನೊಬ್ಬರಿಗೆ ತಿಳಿಸಬೇಕಾದಾಗ ನಾವು ಕಣ್ಣಿಗೆ ಕಟ್ಟುವಂತಹ ಒಂದು ಚಿತ್ರವನ್ನು ಅರಸುತ್ತೇವೆ. ಹತ್ತು ವಾಕ್ಯಗಳಲ್ಲಿ ಆಗದ ಕೆಲಸವು ಒಂದು ಚಿತ್ರದಿಂದ ಆಗುವುದುಂಟು. ನಮ್ಮ ನೈಯಾಯಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಬೆಟ್ಟದಲ್ಲಿ ಹೊಗೆ ಕಂಡಿತು, ಆದುದರಿಂದ ಅಲ್ಲಿ ಬೆಂಕಿಯಿದೆ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಅಡುಗೆಮನೆಯನ್ನು ನೋಡು ಎಂದರು. ಅನುಮಾನದ ಐದು ಅವಯವಗಳಲ್ಲಿ ಉದಾಹರಣೆಗೆ ಮೂರನೆಯ ಸ್ಥಾನವನ್ನು ಕೊಟ್ಟರು. ಸಾಮಾನ್ಯ ಜನಕ್ಕೂ ಪರೀಕ್ಷಕರಾದ ಪಂಡಿತರಿಗೂ ಯಾವ ವಿಷಯದಲ್ಲಿ ಬುದ್ಧಿಯು ಸಮವಾಗುವುದೋ ಅದೇ ದೃಷ್ಟಾಂತವೆಂಬುದು ಗೌತಮನ ನ್ಯಾಯಸೂತ್ರದ ಲಕ್ಷಣ. ಈ ಲಕ್ಷಣದಲ್ಲಿ ತರ್ಕವಷ್ಟೇ ಅಲ್ಲ, ಒಂದು ಬಗೆಯ ಸೌಜನ್ಯವೂ ಇದೆ. ಹೇಳುವವನು ಮೇಲಿನ ಪೀಠದಿಂದ ಇಳಿದು, ಕೇಳುವವನೂ ಕಂಡಿರುವ ನೆಲದಲ್ಲಿ ನಿಲ್ಲುತ್ತಾನೆ.

ಆದರೆ ಚಿತ್ರಕ್ಕೆ ಇನ್ನೊಂದು ಶಕ್ತಿಯೂ ಉಂಟು. ವಾದವನ್ನು ಕೇಳಿದವನು ಎದುರುವಾದವನ್ನು ಹುಡುಕುತ್ತಾನೆ. ಚಿತ್ರವನ್ನು ಕಂಡವನು ತಲೆದೂಗುತ್ತಾನೆ. ಹಾಗೆ ತಲೆದೂಗಿಸುವುದು ಎಲ್ಲಿಯ ವರೆಗೆ ನ್ಯಾಯ? ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಹೇಳಬೇಕೆಂದಿರುವ ಅಂಶವೊಂದನ್ನು ಬಿಟ್ಟು ಎಲ್ಲ ವಿಧದಲ್ಲಿಯೂ ಸಾಮ್ಯವನ್ನು ಯಾರೂ ತೋರಿಸಲಾರರು, ಹಾಗೆ ಸಾಮ್ಯವಿದ್ದರೆ ಅದು ದೃಷ್ಟಾಂತವೇ ಆಗದು ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಹೇಳಿದ್ದಾರೆ. ಮಾತು ಪಂಡಿತರಿಗೆ ಹಳೆಯದು. ಸಭೆಯಲ್ಲಿ ಕುಳಿತು ಕೇಳುವವರಿಗೆ ಮಾತ್ರ ಅದನ್ನು ನೆನಪುಮಾಡಿಕೊಡುವವರು ವಿರಳ.

ರೋಮಿನ ಇತಿಹಾಸದಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ಕ್ರಿ. ಪೂ. 494ರಲ್ಲಿ ಅಲ್ಲಿಯ ಸಾಮಾನ್ಯ ಪ್ರಜೆಗಳು ಸಾಲದ ಹೊರೆಯಿಂದ ಬೇಸತ್ತು, ನಗರವನ್ನೇ ಬಿಟ್ಟು ಹೋಗಿ, ಆನಿಯೋ ನದಿಯಾಚೆಯ ಗುಡ್ಡವೊಂದರಲ್ಲಿ ಬೀಡುಬಿಟ್ಟರು. ಯುದ್ಧದಲ್ಲಿ ನಾಡಿಗಾಗಿ ಹೋರಾಡಿದವರೇ ಊರಿಗೆ ಮರಳಿದ ಮೇಲೆ ಸಾಲ ಕೊಟ್ಟವರ ಸೆರೆಯಾಳುಗಳಾಗುತ್ತಿದ್ದರು. ಶ್ರೀಮಂತರ ಸಭೆಯು ಮೆನೀನಿಯಸ್ ಅಗ್ರಿಪ್ಪನೆಂಬ ವಾಗ್ಮಿಯನ್ನು ಅವರ ಬಳಿಗೆ ಕಳುಹಿಸಿತು. ಆತನು ಹೇಳಿದುದು ಒಂದು ಕತೆ ಮಾತ್ರವೆಂದು ಲಿವಿ ಬರೆಯುತ್ತಾನೆ. ಒಮ್ಮೆ ದೇಹದ ಅವಯವಗಳೆಲ್ಲ ಹೊಟ್ಟೆಯ ಮೇಲೆ ಮುನಿದವಂತೆ: ತಾವು ದುಡಿಯುವುದು, ಅದು ನಡುವೆ ಕುಳಿತು ಉಣ್ಣುವುದು! ಕೈ ತುತ್ತನ್ನೆತ್ತಲಿಲ್ಲ, ಬಾಯಿ ತೆರೆಯಲಿಲ್ಲ, ಹಲ್ಲು ಅಗಿಯಲಿಲ್ಲ. ಹೊಟ್ಟೆಯನ್ನು ದಂಡಿಸಹೋಗಿ ಅವಯವಗಳೇ ಸೊರಗಿದವು. ಉಂಡ ಅನ್ನವನ್ನು ರಕ್ತವಾಗಿ ತಮಗೆ ಹಂಚುತ್ತಿದ್ದುದು ಹೊಟ್ಟೆಯೇ ಎಂದು ಆಗ ತಿಳಿಯಿತು. ಕೇಳಿದ ಜನರ ಮನಸ್ಸು ಕರಗಿತಂತೆ.

ಕತೆ ಸೊಗಸಾಗಿದೆ. ಒಂದು ಅಂಶದಲ್ಲಿ ಸತ್ಯವೂ ಆಗಿದೆ, ಸಮಾಜದಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಆದರೆ ಹೊಟ್ಟೆಯು ಕೈಗೆ ಸಾಲ ಕೊಟ್ಟು ಬಡ್ಡಿ ಎಣಿಸುವುದಿಲ್ಲ. ಬಡ್ಡಿ ತೆರಲಾರದ ಕೈಯನ್ನು ಸಂಕೋಲೆಯಲ್ಲಿಡುವುದಿಲ್ಲ. ಜನರು ಗುಡ್ಡವನ್ನೇರಿದುದು ಯಾವ ಕಾರಣದಿಂದಲೋ ಆ ಕಾರಣಕ್ಕೇ ಚಿತ್ರದಲ್ಲಿ ಎಡೆಯಿಲ್ಲ. ಮೇಲಾಗಿ, ಕೈಗೆ ಬೇರೆಯಾದ ಸುಖದುಃಖವಿಲ್ಲ, ಸೆರೆಯಲ್ಲಿರುವ ಮನುಷ್ಯನಿಗೆ ಉಂಟು. ಜನರು ಕತೆಗೆ ಮನಸೋತರೂ ಬರಿಗೈಯಲ್ಲಿ ಹಿಂದಿರುಗಲಿಲ್ಲ. ತಮ್ಮವರನ್ನೇ ಟ್ರಿಬ್ಯೂನರೆಂಬ ಅಧಿಕಾರಿಗಳಾಗಿ ಆರಿಸುವ ಹಕ್ಕನ್ನು ಪಡೆದರು. ಆ ಅಧಿಕಾರಿಗಳ ಮೈಮುಟ್ಟುವುದು ಮಹಾಪರಾಧವೆಂದು ಗೊತ್ತಾಯಿತು. ಶಾಲೆಯ ಪುಸ್ತಕಗಳು ಕತೆಯನ್ನು ಉಳಿಸಿಕೊಂಡು ಈ ಕರಾರನ್ನು ಮರೆತರೆ, ತಪ್ಪು ಯಾರದು?

ಷೇಕ್ಸ್‌ಪಿಯರ್ ಮಹಾಕವಿಯು ಇಲ್ಲಿಯ ಮರ್ಮವನ್ನು ಕಂಡವನು. ಅವನ ‘ಕೊರಿಯೊಲೇನಸ್’ ನಾಟಕದ ಮೊದಲ ದೃಶ್ಯದಲ್ಲಿಯೇ ಮೆನೀನಿಯಸನು ಈ ಕತೆಯನ್ನು ಹೇಳುತ್ತಾನೆ. ಆದರೆ ಅಲ್ಲಿಯ ಪೌರನೊಬ್ಬನು ನಡುನಡುವೆ ಬಾಯಿಹಾಕುತ್ತಾನೆ: ತಲೆಯೇನು, ಕಣ್ಣೇನು, ತೋಳೇನು, ಇವುಗಳ ಮಾತೇನು? ಆಗ ಮೆನೀನಿಯಸನು ಉತ್ತರ ಕೊಡುವ ಮೊದಲೇ ಕೊಂಕುನುಡಿಯುತ್ತಾನೆ. ಕತೆ ಮುಗಿದೊಡನೆ ಆ ಪೌರನನ್ನು ಈ ಸಭೆಯ ಕಾಲಿನ ಹೆಬ್ಬೆರಳೆಂದು ಹಂಗಿಸುತ್ತಾನೆ. ತಿಳಿವಳಿಕೆಗಾಗಿ ಬಂದ ಚಿತ್ರವು ಎಷ್ಟು ಬೇಗ ಬೈಗುಳವಾಯಿತು ನೋಡಿರಿ! ಯಾವ ಅವಯವ ಯಾರೆಂದು ಹಂಚುವ ಅಧಿಕಾರವು ಕತೆ ಹೇಳುವವನ ಕೈಯಲ್ಲಿದ್ದರೆ ಹೀಗೆಯೇ ಆಗುವುದು.

ಇದು ಪರದೇಶದ ಕತೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತದಲ್ಲಿ ವಿರಾಟ್ಪುರುಷನ ಮುಖ, ಬಾಹು, ತೊಡೆ, ಪಾದಗಳೊಡನೆ ನಾಲ್ಕು ವರ್ಣಗಳು ಸೇರಿಕೊಂಡಿವೆ. ಋಷಿಯ ಅಭಿಪ್ರಾಯವೇನೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿರಬಹುದು. ಆ ಚಿತ್ರವನ್ನು ಹಿಡಿದು ಮುಂದಿನವರು ಮೇಲುಕೀಳುಗಳನ್ನು ಸಮರ್ಥಿಸಿಕೊಂಡುದರಲ್ಲಿ ಸಂದೇಹವಿಲ್ಲ. ಡಾ. ಅಂಬೇಡ್ಕರರು ಶೂದ್ರರ ಮೂಲವನ್ನು ಕುರಿತು 1946ರಲ್ಲಿ ಪ್ರಕಟಿಸಿದ ಗ್ರಂಥವನ್ನು ಈ ಸೂಕ್ತದ ವಿಮರ್ಶೆಯಿಂದಲೇ ಮೊದಲುಮಾಡಿದರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಅದೇ ದೇಹವನ್ನು ಬೇರೊಂದು ವಿಧದಲ್ಲಿ ಕಂಡಿದ್ದರು. ಅವರ ವಚನದ ದೇಗುಲದಲ್ಲಿ ಕಾಲು ಕಂಬವಾಗಿದೆ. ಒಂದು ಚಿತ್ರದಲ್ಲಿ ಕೆಳಗಿರುವುದರಿಂದ ಕೀಳಾದ ಪಾದವು ಇನ್ನೊಂದರಲ್ಲಿ ಕೆಳಗಿರುವುದರಿಂದಲೇ ಗುಡಿಯನ್ನೆಲ್ಲ ಹೊತ್ತಿದೆ. ದೇಹವು ಬದಲಾಗಲಿಲ್ಲ.

ಭೌತಶಾಸ್ತ್ರದಲ್ಲಿ ಈ ಕಷ್ಟವು ಇಷ್ಟಿಲ್ಲ. ಸೂರ್ಯನನ್ನು ಗ್ರಹಗಳು ಸುತ್ತುವಂತೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಸುತ್ತುತ್ತವೆಂಬ ಚಿತ್ರವು 1913ರಲ್ಲಿ ಬೋರ್ ಎಂಬ ವಿಜ್ಞಾನಿಯಿಂದ ಪ್ರಸಿದ್ಧಿಗೆ ಬಂದಿತು. 1925-26ರ ಹೊಸ ಸಿದ್ಧಾಂತದ ಮುಂದೆ ಅದು ನಿಲ್ಲಲಿಲ್ಲ. ಅಲ್ಲಿ ಪ್ರಯೋಗವೇ ಎಲ್ಲೆಯನ್ನು ತೋರಿಸುತ್ತದೆ. ಮನುಷ್ಯರ ವಿಷಯದ ಚಿತ್ರಗಳಿಗೆ ಅಂತಹ ಪ್ರಯೋಗಶಾಲೆಯಿಲ್ಲ. ಕೇಳುವವನ ಪ್ರಶ್ನೆಯೊಂದೇ ಅಲ್ಲಿಯ ಪರೀಕ್ಷೆ.

ಛಾಂದೋಗ್ಯದ ಉದ್ದಾಲಕನು ಅಂತಹ ಪರೀಕ್ಷೆಗೆ ಎಡೆಯಿತ್ತ ಗುರು. ಕಾಣದ ಸತ್ತು ಎಲ್ಲೆಲ್ಲಿಯೂ ಇರುವುದೆಂದು ಮಗನಿಗೆ ತಿಳಿಸಬೇಕಾದಾಗ ಅವನು ವಾಗ್ಮಿತೆಯನ್ನು ತೋರಲಿಲ್ಲ. ಉಪ್ಪನ್ನು ನೀರಿನಲ್ಲಿ ಹಾಕಿ ಬೆಳಗ್ಗೆ ಬಾ ಎಂದನು. ಮರುದಿನ ಶ್ವೇತಕೇತುವು ಉಪ್ಪನ್ನು ಹುಡುಕಿದನು, ಕಾಣಲಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ತಾನೇ ನೀರನ್ನು ಕುಡಿದು ನೋಡಿದನು. ಎಲ್ಲವೂ ಉಪ್ಪಾಗಿಯೇ ಇತ್ತು. ಅಷ್ಟಾದರೂ ಹುಡುಗನು, ಇನ್ನೂ ತಿಳಿಸಿರಿ ಎಂದು ಕೇಳಿದನು. ತಂದೆಯು ಮುನಿಯಲಿಲ್ಲ. ಆಗಲಿ ಎಂದು ಹೇಳಿ, ಉಪ್ಪುನೀರಿನ ಮಾತನ್ನು ಅಲ್ಲಿಗೇ ಬಿಟ್ಟು, ಕಣ್ಣುಕಟ್ಟಿ ಗಾಂಧಾರದೇಶದಿಂದ ತಂದು ನಿರ್ಜನಪ್ರದೇಶದಲ್ಲಿ ಬಿಟ್ಟ ಮನುಷ್ಯನೊಬ್ಬನು ಊರಿಂದೂರಿಗೆ ದಾರಿಯನ್ನು ಕೇಳುತ್ತ ಮನೆ ಸೇರಿದ ಕತೆಯನ್ನು ಮೊದಲುಮಾಡಿದನು.